ಕೇಂದ್ರ ನೌಕರರ ವಿಮಾನ ಪ್ರಯಾಣ: ವೆಚ್ಚ ತಗ್ಗಿಸುವ ಕ್ರಮ

ಕೇಂದ್ರ ಸರ್ಕಾರದ ನೌಕರರು ಸರ್ಕಾರಿ ಖರ್ಚಿನಲ್ಲಿ ಏರ್ ಇಂಡಿಯಾದಲ್ಲೇ ಹೋಗಬೇಕೆಂಬ ಕಟ್ಟಳೆ ಆ ಸಂಸ್ಥೆಯ ಖಾಸಗೀಕರಣದೊಂದಿಗೆ ಕೊನೆಗೊಂಡಿತು. ಈಗ ಯಾವ ವಿಮಾನ ಸಂಸ್ಥೆಯನ್ನಾದರೂ ಆರಿಸಬಹುದಾದ್ದರಿಂದ ಅಗ್ಗದ ದರ ಹುಡುಕುವ ಹೊಣೆಯೂ ನೌಕರರ ಮೇಲೆಯೇ ಬಿದ್ದಿದೆ. ಅದರ ಕ್ರಮವನ್ನು ಹಣಕಾಸು ಸಚಿವಾಲಯದ ವೆಚ್ಚ ಇಲಾಖೆ 2022ರ ಜೂನ್‌ನಲ್ಲಿ ಹೊರಡಿಸಿದ ಸೂಚನೆಗಳು ತಿಳಿಸುತ್ತವೆ.

ವಿಡಿಯೊ ಸಭೆಯಲ್ಲಿ ಮುಗಿಯುವ ಕೆಲಸವಾದರೆ ಟಿಕೆಟ್ಟಿನ ಮಾತೇ ಬೇಡ. ಹೋಗಲೇಬೇಕೆಂದಾದರೆ ಪ್ರಯಾಣಕ್ಕೆ ಕನಿಷ್ಠ 21 ದಿನ ಮೊದಲು ಟಿಕೆಟ್ ಕಾಯ್ದಿರಿಸಬೇಕು, ಏಕೆಂದರೆ ಕಡಿಮೆ ದರದ ಸೀಟುಗಳು ಸಾಮಾನ್ಯವಾಗಿ ಮೊದಲು ತುಂಬಿ, ದಿನ ಹತ್ತಿರವಾದಂತೆ ದುಬಾರಿ ಸೀಟುಗಳಷ್ಟೇ ಉಳಿಯುತ್ತವೆ. ಮಂಜೂರಾತಿಯ ಕಡತ ಮೇಜಿನಿಂದ ಮೇಜಿಗೆ ಸಾಗುವಷ್ಟರಲ್ಲಿ ಈ ಅವಧಿ ಕಳೆದುಹೋಗುವುದು ನಮ್ಮ ಕಚೇರಿಗಳಲ್ಲಿ ಹೊಸತೇನಲ್ಲ. ಪ್ರವಾಸದ ಅನುಮೋದನೆ ಬಾಕಿಯಿದ್ದಾಗಲೂ ಟಿಕೆಟ್ ಕಾಯ್ದಿರಿಸಲು ಸೂಚನೆಗಳು ಅವಕಾಶ ಕೊಟ್ಟಿರುವುದರಿಂದ ಅದಕ್ಕಾಗಿ ಕಾಯಬೇಕಿಲ್ಲ.

ಬಾಮರ್ ಲಾರಿ, ಅಶೋಕ್ ಟ್ರಾವೆಲ್ಸ್ ಮತ್ತು ಐಆರ್‌ಸಿಟಿಸಿ, ಈ ಮೂರು ಅಧಿಕೃತ ಟ್ರಾವೆಲ್ ಏಜೆನ್ಸಿಗಳ ಮೂಲಕವೇ ಟಿಕೆಟ್ ಪಡೆಯಬೇಕು. ಬೆಂಗಳೂರಿನಿಂದ ದೆಹಲಿಗೆ ಬೆಳಿಗ್ಗೆ ಹೊರಡುವವರು ತಮಗೆ ಒಗ್ಗುವ ಒಂದೇ ವಿಮಾನದ ದರವನ್ನು ನೋಡಿ ತೃಪ್ತರಾಗದೆ, ತಾವು ಹೊರಡುವ ಹೊತ್ತು ಸೇರುವ ಮೂರು ಗಂಟೆಗಳ ಅವಧಿಯಲ್ಲಿ ನೇರವಾಗಿ ಹೋಗುವ ಎಲ್ಲ ವಿಮಾನಗಳನ್ನೂ ಹೋಲಿಸಿ, ತಮ್ಮ ಅರ್ಹ ದರ್ಜೆಯಲ್ಲಿ ಅತಿ ಕಡಿಮೆ ದರದ್ದನ್ನು ಆರಿಸಬೇಕು. ವೇತನ ಹಂತ 6ರಿಂದ 13ರವರೆಗಿನವರಿಗೆ ಪ್ರವಾಸದಲ್ಲಿ ಇಕಾನಮಿ ದರ್ಜೆ, 14 ಮತ್ತು ಮೇಲ್ಪಟ್ಟವರಿಗೆ ಬಿಸಿನೆಸ್ ದರ್ಜೆ ಸಲ್ಲುತ್ತದೆ. ಅರ್ಹತೆಯಿದ್ದರೂ ಕೆಳಗಿನ ದರ್ಜೆಯಲ್ಲಿ ಹೋಗುವವರಿಂದ ಬೊಕ್ಕಸಕ್ಕೆ ಆಗುವ ಉಳಿತಾಯ ಸಣ್ಣದಲ್ಲ.

ಟಿಕೆಟ್ ರದ್ದತಿಯಲ್ಲೂ ಹಣ ಸೋರುತ್ತದೆ. ಆದ್ದರಿಂದ ಪ್ರಯಾಣದ ಯಾವ ಹಂತಕ್ಕೂ ಒಂದಕ್ಕಿಂತ ಹೆಚ್ಚು ಟಿಕೆಟ್ ಕಾಯ್ದಿರಿಸಬಾರದು. ಪ್ರಯಾಣಕ್ಕೆ 72 ಗಂಟೆಗಿಂತ ಕಡಿಮೆ ಸಮಯವಿರುವಾಗ ಕಾಯ್ದಿರಿಸಿದರೆ, ಅಥವಾ 24 ಗಂಟೆಗಿಂತ ಕಡಿಮೆ ಇರುವಾಗ ರದ್ದುಮಾಡಿದರೆ, ಕಾರಣವನ್ನು ಸ್ವಯಂ ಘೋಷಣೆಯಾಗಿ ಬರೆದುಕೊಡಬೇಕಾಗುತ್ತದೆ. ಸಭೆಯ ದಿನಾಂಕವೇ ಅನಿಶ್ಚಿತವಾಗಿದ್ದರೆ, ಅಗ್ಗದ ಟಿಕೆಟ್ಟಿನ ರದ್ದತಿ ಶುಲ್ಕವನ್ನೂ ಲೆಕ್ಕಕ್ಕೆ ಹಿಡಿದು ನಿರ್ಧರಿಸುವುದು ಒಳಿತು. ಹತ್ತು ಊರುಗಳ ಅಧಿಕಾರಿಗಳನ್ನು ಕರೆಸುವ ಸಭೆಯೊಂದು ಮುಂದಕ್ಕೆ ಹೋದರೆ ಹತ್ತು ಟಿಕೆಟ್‌ಗಳೂ ಒಟ್ಟಿಗೆ ವ್ಯರ್ಥವಾಗಬಹುದು. ಆದಕಾರಣ ಸಭೆ ಕರೆಯುವ ಕಚೇರಿಯು ಅಧ್ಯಕ್ಷರ ಒಪ್ಪಿಗೆ ಪಡೆದು, ದಿನಾಂಕವನ್ನು ತಿಂಗಳ ಮುಂಚೆಯೇ ಲಿಖಿತವಾಗಿ ತಿಳಿಸಬೇಕು.