ಮನೆಯ ಫೈಲ್, ಮಹಿಳೆಯ ಫೈಲ್: ಎನ್‌ಎಫ್‌ಎಚ್‌ಎಸ್ ಡೇಟಾ ಜೋಡಿಸುವುದು ಹೇಗೆ?

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಡೇಟಾ ಇಳಿಸಿಕೊಂಡ ತಕ್ಷಣ ಎಲ್ಲರಿಗೂ ಬರುವ ಪ್ರಶ್ನೆ ಒಂದೇ. ಸಮೀಕ್ಷೆ ಒಂದು, ಫೈಲ್ ಯಾಕೆ ಇಷ್ಟೊಂದು?

ಉತ್ತರ ಸುಲಭ. ಒಂದೊಂದು ಫೈಲ್‌ನಲ್ಲಿ ಒಂದು ಸಾಲು ಅಂದರೆ ಬೇರೆ ಬೇರೆ. ಎಚ್‌ಆರ್ ಫೈಲ್‌ನಲ್ಲಿ ಒಂದು ಸಾಲು ಅಂದರೆ ಒಂದು ಮನೆ. ಪಿಆರ್‌ನಲ್ಲಿ ಆ ಮನೆಯ ಒಬ್ಬೊಬ್ಬ ಸದಸ್ಯರು. ಐಆರ್‌ನಲ್ಲಿ 15ರಿಂದ 49 ವರ್ಷದ ಒಬ್ಬ ಮಹಿಳೆ, ಎಂಆರ್‌ನಲ್ಲಿ ಒಬ್ಬ ಗಂಡಸು, ಕೆಆರ್‌ನಲ್ಲಿ ಐದು ವರ್ಷದೊಳಗಿನ ಒಂದು ಮಗು. 2019-21ರ ಐದನೇ ಸುತ್ತಿನಲ್ಲಿ 6,36,699 ಮನೆಗಳಿವೆ, 7,24,115 ಮಹಿಳೆಯರಿದ್ದಾರೆ. ಈ ಎರಡು ಸಂಖ್ಯೆಗಳನ್ನು ಒಂದು ಚೀಟಿಯಲ್ಲಿ ಬರೆದು ಕಣ್ಣೆದುರಿಗೆ ಇಟ್ಟುಕೊಳ್ಳಿ. ಕೊನೆಯವರೆಗೂ ಬೇಕು.

ಒಂದು ಪ್ರಶ್ನೆ ಹಿಡಿದುಕೊಂಡು ಹೋಗೋಣ. ಸ್ವಂತ ಜಮೀನಿರುವ ಮನೆಯ ಮಹಿಳೆಯರಲ್ಲಿ ರಕ್ತಹೀನತೆ ಕಡಿಮೆ ಇದೆಯಾ? ಜಮೀನಿನ ಮಾಹಿತಿ ಮನೆಯ ಫೈಲ್‌ನಲ್ಲಿದೆ, ಎಚ್‌ವಿ244 ಅನ್ನುವ ಕಾಲಂ. ರಕ್ತಹೀನತೆ ಮಹಿಳೆಯರ ಫೈಲ್‌ನಲ್ಲಿದೆ, ವಿ457. ಎರಡನ್ನೂ ಜೋಡಿಸಬೇಕು. ಅಡುಗೆಯ ಇಂಧನ, ಶೌಚಾಲಯ, ಮನೆಯ ಆರ್ಥಿಕ ಸ್ಥಿತಿಯ ಸೂಚ್ಯಂಕ ಇಂಥವೆಲ್ಲ ಮಹಿಳೆಯರ ಫೈಲ್‌ನಲ್ಲೇ ಇರುತ್ತವೆ. ಹಾಗಾಗಿ ಜೋಡಿಸೋಕೆ ಮುಂಚೆ ಹುಡುಕಿ ನೋಡಿ, ಸುಮ್ನೆ ಕೆಲಸ ಮೈಮೇಲೆ ಎಳೆದುಕೊಳ್ಳಬೇಡಿ.

ಮೊದಲು ಮನೆಯ ಫೈಲ್ ತೆರೆಯಿರಿ. ಎಕ್ಸೆಲ್‌ನಲ್ಲಿ ಬೇಡ. ಎಕ್ಸೆಲ್‌ನ ಒಂದು ಹಾಳೆಯಲ್ಲಿ ಹಿಡಿಸುವುದು 10,48,576 ಸಾಲು ಮಾತ್ರ, ಸದಸ್ಯರ ಫೈಲ್‌ನಲ್ಲಿ 28 ಲಕ್ಷಕ್ಕೂ ಜಾಸ್ತಿ ಸಾಲುಗಳಿವೆ. ಸ್ಟೇಟಾ ಅಥವಾ ಆರ್ ಅನ್ನುವ ಅಂಕಿಅಂಶದ ಸಾಫ್ಟ್‌ವೇರ್ ಬಳಸಿ. ಎಲ್ಲ ಕಾಲಂಗಳನ್ನೂ ತೆರೆದರೆ ಸಾಧಾರಣ ಲ್ಯಾಪ್‌ಟಾಪ್ ನಿಂತುಹೋಗುತ್ತದೆ. ಎಚ್‌ವಿ001, ಎಚ್‌ವಿ002, ಎಚ್‌ವಿ244 ಈ ಮೂರನ್ನು ಮಾತ್ರ ತೆಗೆದುಕೊಳ್ಳಿ. ಮೊದಲನೆಯದು ಕ್ಲಸ್ಟರ್ ಸಂಖ್ಯೆ, ಅಂದರೆ ಸಮೀಕ್ಷೆಗೆ ಆಯ್ಕೆಯಾದ ಹಳ್ಳಿ ಅಥವಾ ನಗರದ ಒಂದು ಭಾಗ. ಎರಡನೆಯದು ಅಲ್ಲಿನ ಮನೆ ಸಂಖ್ಯೆ. ಬರೀ ಮನೆ ಸಂಖ್ಯೆ ಸಾಕಾಗಲ್ಲ. 7ನೇ ನಂಬರಿನ ಮನೆ ಎಷ್ಟೋ ಕ್ಲಸ್ಟರ್‌ಗಳಲ್ಲಿ ಇರುತ್ತದೆ. ಎರಡೂ ಸೇರಿದರೇ ಒಂದು ಮನೆಯ ಗುರುತು.

ಹಾಗಂತ ನಂಬಿ ಕೂರಬೇಡಿ, ಪರೀಕ್ಷಿಸಿ. ಸ್ಟೇಟಾದಲ್ಲಿ 'ಐಎಸ್‌ಐಡಿ ಎಚ್‌ವಿ001 ಎಚ್‌ವಿ002' ಅಂತ ಕೊಡಿ. ಏನೂ ಹೇಳದೆ ಸುಮ್ಮನಿದ್ದರೆ ಎಲ್ಲ ಸರಿ ಇದೆ, ಒಂದೇ ಗುರುತು ಎರಡು ಸಲ ಬಂದಿದ್ದರೆ ಅದೇ ಹೇಳುತ್ತದೆ. ಆಮೇಲೆ ಎಚ್‌ವಿ001ರ ಹೆಸರನ್ನು ವಿ001 ಅಂತ, ಎಚ್‌ವಿ002ರ ಹೆಸರನ್ನು ವಿ002 ಅಂತ ಬದಲಿಸಿ. ಮಹಿಳೆಯರ ಫೈಲ್‌ನಲ್ಲಿ ಇವೇ ಗುರುತುಗಳಿಗೆ ಆ ಹೆಸರು. ಇದನ್ನು ಬೇರೆ ಹೆಸರಲ್ಲಿ ಸೇವ್ ಮಾಡಿ, ಮೂಲ ಫೈಲ್ ಮುಟ್ಟಬೇಡಿ.

ಕೆಲವರು ಕೇಸ್‌ಐಡಿ ಅನ್ನುವ ಉದ್ದದ ಗುರುತನ್ನು ಕತ್ತರಿಸಿ ಮನೆಯ ಗುರುತು ಮಾಡಿಕೊಳ್ಳುತ್ತಾರೆ. ಅದರೊಳಗೆ ಖಾಲಿ ಜಾಗಗಳಿರುತ್ತವೆ. ಫೈಲ್ ಅನ್ನು ಒಂದು ರೂಪದಿಂದ ಇನ್ನೊಂದಕ್ಕೆ ಬದಲಿಸುವಾಗ ಆ ಜಾಗ ಹಾರಿಹೋದರೆ ಗುರುತೇ ಕೆಟ್ಟಿತು. ಸಂಖ್ಯೆಯ ಕಾಲಂಗಳೇ ವಾಸಿ.

ಈಗ ಮಹಿಳೆಯರ ಫೈಲ್. ವಿ001, ವಿ002, ವಿ003, ವಿ005, ವಿ024, ವಿ457 ತೆಗೆದುಕೊಳ್ಳಿ. ನಂತರ 'ಮರ್ಜ್ ಎಂ:1 ವಿ001 ವಿ002 ಯೂಸಿಂಗ್' ಅಂತ ಕೊಟ್ಟು, ಮುಂದೆ ನೀವು ಸೇವ್ ಮಾಡಿದ ಮನೆಯ ಫೈಲ್‌ನ ಹೆಸರು ಬರೆಯಿರಿ. ಎಂ:1 ಅಂದರೆ ಈ ಕಡೆ ಹಲವರು, ಆ ಕಡೆ ಒಂದೇ ಮನೆ. ಅತ್ತೆ, ಸೊಸೆ, ಮಗಳು ಮೂವರೂ ಸಮೀಕ್ಷೆಯಲ್ಲಿದ್ದರೆ ಮೂವರ ಸಾಲಿಗೂ ಅದೇ ಮನೆಯ ಜಮೀನು ಬಂದು ಕೂರಬೇಕು, ಅಲ್ವಾ?

ಕೈಮುಗಿದು ಕೇಳುತ್ತೇನೆ, ಎಂ:ಎಂ ಮಾತ್ರ ಬಳಸಬೇಡಿ. ಎಂ:1 ತಪ್ಪು ತೋರಿಸಿ ನಿಂತಾಗ ಎಂ:ಎಂ ಹಾಕಿದರೆ ತಪ್ಪಿನ ಸಂದೇಶ ಹೋಗುತ್ತದೆ, ತಪ್ಪು ಹೋಗಲ್ಲ. ಅದು ಗುಂಪಿನೊಳಗೆ ಮೊದಲ ಸಾಲನ್ನು ಮೊದಲ ಸಾಲಿಗೆ, ಎರಡನೆಯದನ್ನು ಎರಡನೆಯದಕ್ಕೆ ಕಟ್ಟುತ್ತದೆ. ಯಾರ ರಕ್ತ ಪರೀಕ್ಷೆ ಯಾರ ಹೆಸರಿಗೆ ಹೋಯಿತು ಅಂತ ಆಮೇಲೆ ಗೊತ್ತೇ ಆಗಲ್ಲ. ಆ ಒಂದೊಂದು ಸಾಲಿನ ಹಿಂದೆ ತನ್ನ ಕೆಲಸ ಬಿಟ್ಟು ಕೂತು, ಬೆರಳು ಚುಚ್ಚಿಸಿಕೊಂಡು, ಪರಿಚಯವೇ ಇಲ್ಲದವರಿಗೆ ಉತ್ತರ ಕೊಟ್ಟ ಒಬ್ಬ ಹೆಣ್ಣುಮಗಳಿದ್ದಾಳೆ. ಅವಳ ಉತ್ತರ ಅವಳದಾಗಿಯೇ ಉಳಿಯಬೇಕು.

ಆರ್ ಬಳಸುವವರು ಲೆಫ್ಟ್_ಜಾಯಿನ್ ಜೊತೆಗೆ ರಿಲೇಶನ್‌ಶಿಪ್ ಜಾಗದಲ್ಲಿ 'ಮೆನಿ-ಟು-ಒನ್' ಅಂತ ಬರೆಯಿರಿ. ಮನೆಯ ಗುರುತು ಎರಡು ಸಲ ಬಂದಿದ್ದರೆ ಅಲ್ಲೇ ನಿಲ್ಲಿಸುತ್ತದೆ.

ಜೋಡಿಸಿದ ಮೇಲೆ ಸ್ಟೇಟಾ ಒಂದು ಪಟ್ಟಿ ತೋರಿಸುತ್ತದೆ. ಇದನ್ನು ನಿಧಾನವಾಗಿ ಓದಿ. 3 ಅಂದರೆ ಎರಡೂ ಕಡೆ ಸಿಕ್ಕಿದ್ದು. ಅಲ್ಲಿ 7,24,115 ಇರಬೇಕು. 1 ಅಂದರೆ ಮನೆ ಸಿಗದ ಮಹಿಳೆ, ಅದು ಸೊನ್ನೆ ಇರಬೇಕು, ಇಲ್ಲದಿದ್ದರೆ ಹಿಂದಿನ ಯಾವುದೋ ಹೆಜ್ಜೆ ತಪ್ಪಿದೆ. 2 ಅಂದರೆ ಮಹಿಳೆ ಸಿಗದ ಮನೆ. ಇದು ದೊಡ್ಡ ಸಂಖ್ಯೆ ಬರುತ್ತದೆ, ಗಾಬರಿ ಬೇಡ. ವಯಸ್ಸಾದ ದಂಪತಿ ಇಬ್ಬರೇ ಇರುವ ಮನೆ, ಗಂಡಸರೇ ಇರುವ ಬಾಡಿಗೆ ರೂಮು, ಮಹಿಳೆಯ ಸಂದರ್ಶನ ಆಗದೇ ಉಳಿದ ಮನೆ ಎಲ್ಲ ಇಲ್ಲಿ ಬರುತ್ತವೆ. ನಮ್ಮ ಪ್ರಶ್ನೆಗೆ ಇವು ಬೇಡ, ತೆಗೆಯಿರಿ. ಗಂಡಸರ ಫೈಲ್ ಜೋಡಿಸಿದರೂ ಹೀಗೇ. ಅವರ ಸಂದರ್ಶನ ನಡೆದದ್ದು ಆಯ್ದ ಕೆಲವು ಮನೆಗಳಲ್ಲಿ ಮಾತ್ರ, ದೇಶಕ್ಕೆಲ್ಲ 1,01,839 ಜನ.

ಮಕ್ಕಳ ವಿಷಯದಲ್ಲಿ ಇನ್ನೂ ಹುಷಾರಾಗಿರಬೇಕು. ಮನೆಯ ಸದಸ್ಯರ ಪಟ್ಟಿಯಲ್ಲಿ ಒಬ್ಬರು ಎಷ್ಟನೆಯವರು ಅನ್ನುವುದೇ ಸಾಲು ಸಂಖ್ಯೆ. ಕೆಆರ್ ಫೈಲ್‌ನ ವಿ003 ತಾಯಿಯ ಸಾಲು ಸಂಖ್ಯೆ, ಮಗುವಿನದಲ್ಲ. ಮಗುವಿನದು ಬಿ16. ಸದಸ್ಯರ ಫೈಲ್‌ನಲ್ಲಿ ಸಾಲು ಸಂಖ್ಯೆ ಇರುವ ಎಚ್‌ವಿಐಡಿಎಕ್ಸ್ ಕಾಲಂ ಜೊತೆ ಅದನ್ನು ಜೋಡಿಸಬೇಕು. ತೀರಿಕೊಂಡ ಮಗುವಿಗೆ ಬಿ16 ಖಾಲಿ ಇರುತ್ತದೆ, ಬೇರೆ ಕಡೆ ಬೆಳೆಯುತ್ತಿರುವ ಮಗುವಿಗೆ 0. ಅವರನ್ನು ಮೊದಲೇ ಪಕ್ಕಕ್ಕಿಡಿ.

ಈಗ ಲೆಕ್ಕ. ವಿ457ರಲ್ಲಿ 1, 2, 3 ಅಂದರೆ ರಕ್ತಹೀನತೆ ಇದೆ, 4 ಅಂದರೆ ಇಲ್ಲ. ಪರೀಕ್ಷೆ ಆಗದವರದು ಖಾಲಿ. ಸ್ಟೇಟಾ ಖಾಲಿಯನ್ನು ಎಲ್ಲಕ್ಕಿಂತ ದೊಡ್ಡ ಸಂಖ್ಯೆ ಅಂತ ನೋಡುತ್ತದೆ. '4ಕ್ಕಿಂತ ಕಡಿಮೆ ಇದ್ದರೆ 1, ಇಲ್ಲದಿದ್ದರೆ 0' ಅಂತ ಕೊಟ್ಟರೆ ಪರೀಕ್ಷೆಯೇ ಆಗದವರು ಆರೋಗ್ಯವಂತರ ಲೆಕ್ಕಕ್ಕೆ ಸೇರಿಬಿಡುತ್ತಾರೆ. ಅವರನ್ನು ಖಾಲಿಯಾಗಿಯೇ ಬಿಡಿ. ವೇಟ್, ಅಂದರೆ ಲೆಕ್ಕದಲ್ಲಿ ಒಂದೊಂದು ಸಾಲಿಗೆ ಎಷ್ಟು ತೂಕ ಕೊಡಬೇಕು ಅನ್ನುವ ಸಂಖ್ಯೆ, ಯಾವುದು? ಸಾಲು ಯಾರದೋ ಅವರದೇ. ಇಲ್ಲಿ ಸಾಲು ಮಹಿಳೆಯದು, ಹಾಗಾಗಿ ವಿ005, ಅದನ್ನು 10 ಲಕ್ಷದಿಂದ ಭಾಗಿಸಿ. ಮನೆಯ ವೇಟ್ ಬೇಡ.

ಇಡೀ ದೇಶಕ್ಕೆ ರಕ್ತಹೀನತೆ ಎಷ್ಟು ಬಂತು? 57 ಪರ್ಸೆಂಟಿನ ಹತ್ತಿರ ಇದ್ದರೆ ವರದಿಗೆ ಹೊಂದುತ್ತದೆ, ಜಮೀನಿನ ಪ್ರಶ್ನೆಗೆ ಹೋಗಬಹುದು. ಇಲ್ಲದಿದ್ದರೆ ವಾಪಸ್ ಹೋಗಿ ಹುಡುಕಿ.

ಕರ್ನಾಟಕ ಮಾತ್ರ ಬೇಕಾದರೆ ವಿ024ರಲ್ಲಿ 29. ಇದು ಐದನೇ ಸುತ್ತಿಗೆ ಮಾತ್ರ. 2015-16ರ ನಾಲ್ಕನೇ ಸುತ್ತಿನಲ್ಲಿ ರಾಜ್ಯಗಳು ಇಂಗ್ಲಿಷ್ ಅಕ್ಷರಮಾಲೆಯ ಪ್ರಕಾರ ಇದ್ದವು, ಕರ್ನಾಟಕ 16. ಎರಡು ಸುತ್ತುಗಳನ್ನು ಒಂದರ ಕೆಳಗೊಂದು ಸೇರಿಸುವಾಗ, ಅಂದರೆ ಅಪೆಂಡ್ ಮಾಡುವಾಗ, ಎರಡಕ್ಕೂ 29 ಅಂತ ಹಾಕಿದರೆ ಹಳೆಯದರಲ್ಲಿ ರಾಜಸ್ಥಾನ ಬರುತ್ತದೆ. ಎರಡಕ್ಕೂ 16 ಹಾಕಿದರೆ ಹೊಸದರಲ್ಲಿ ತ್ರಿಪುರ. ರಾಜ್ಯದ ಹೆಸರನ್ನೇ ಒಂದು ಹೊಸ ಕಾಲಂನಲ್ಲಿ ಬರೆದುಕೊಂಡು ಆಮೇಲೆ ಸೇರಿಸಿ. ಜಿಲ್ಲೆಗಳ ಪಟ್ಟಿಯಲ್ಲಿ ವಿಜಯನಗರ ಹುಡುಕಬೇಡಿ. ಕರ್ನಾಟಕದಲ್ಲಿ ಮನೆಮನೆಗೆ ಹೋಗಿದ್ದು 2019ರಲ್ಲಿ, ಹೊಸಪೇಟೆ ಆಗಿನ್ನೂ ಬಳ್ಳಾರಿ ಜಿಲ್ಲೆಯಲ್ಲೇ ಇತ್ತು.