ಮನೆಯ ಪ್ರಿಂಟರ್‌ನಲ್ಲಿ ಹತ್ತಿ ಕಾಗದ: ಹನ್ನೊಂದು ಹಾಳೆ ಹಾಳಾದ ಮೇಲೆ

ಆರು ಬಣ್ಣದ ಇಂಕ್ ಟ್ಯಾಂಕ್ ಪ್ರಿಂಟರ್‌ನಲ್ಲಿ ಹತ್ತಿ ಕಾಗದ ಹಾಕಬೇಡ, ಸುಮ್ನೆ ದುಡ್ಡು ದಂಡ ಎಂದು ಹೇಳದವರೇ ಇಲ್ಲ. ಕಾಗದ ಮಾರಿದ ಅಂಗಡಿಯವರೂ ಅದನ್ನೇ ಹೇಳಿದರು. ಆದರೂ ಕಳೆದ ದೀಪಾವಳಿಯಿಂದ ಈಚೆಗೆ ಎ4 ಅಳತೆಯಲ್ಲಿ ಸುಮಾರು 40 ಒಳ್ಳೆಯ ಪ್ರಿಂಟ್ ತೆಗೆದಿದ್ದೇನೆ. 14 ಮಾರಾಟವೂ ಆಗಿವೆ.

ಮೊದಲು ಎಡವಿದ್ದು ದಪ್ಪದಲ್ಲಿ. ಆಸೆಗೆ ಬಿದ್ದು ಹಾನೆಮ್ಯೂಲೆ ಕಂಪನಿಯ ಹತ್ತಿ ಕಾಗದ ಫೋಟೋ ರ‍್ಯಾಗ್ 308 ಜಿಎಸ್‌ಎಂ ತರಿಸಿದೆ. ಜಿಎಸ್‌ಎಂ ಅಂದರೆ ಒಂದು ಚದರ ಮೀಟರ್ ಕಾಗದ ಎಷ್ಟು ಗ್ರಾಂ ತೂಗುತ್ತದೆ ಎಂಬ ಲೆಕ್ಕ. 25 ಹಾಳೆಗೆ ಐದು ಸಾವಿರದ ಹತ್ತಿರ. ಹಾಳೆ ಹೆಚ್ಚುಕಡಿಮೆ ಅರ್ಧ ಮಿಲಿಮೀಟರ್ ದಪ್ಪ. ಹಿಂದಿನ ಟ್ರೇಯ ರೋಲರ್‌ಗೆ ಅದು ಸಿಗಲೇ ಇಲ್ಲ. ಕೈಯಿಂದ ನೂಕಿದರೆ ಓರೆಯಾಗಿ ಹೋಯಿತು. ನೇರ ಹೋದ ಹಾಳೆಗಳ ತುದಿಗೆ ಇಂಕ್ ಚಿಮ್ಮುವ ಹೆಡ್ ಉಜ್ಜಿ ಕಪ್ಪು ಗೆರೆ ಬಿತ್ತು. ಹೀಗೆ ಹನ್ನೊಂದು ಹಾಳೆ, ಎರಡು ಸಾವಿರಕ್ಕೂ ಜಾಸ್ತಿ ಹೋಯಿತು. ಇಂಕಿನ ಲೆಕ್ಕ ಬೇರೆ.

ಅದೇ ಕಾಗದ 188 ಜಿಎಸ್‌ಎಂನಲ್ಲೂ ಸಿಗುತ್ತದೆ, ಅದೂ ಪೂರ್ತಿ ಹತ್ತಿ. ಅದಕ್ಕೆ ಬದಲಾಯಿಸಿದ ದಿನವೇ ರೋಲರ್ ಕಾಟ ಮುಗಿಯಿತು. ಹೆಡ್ ಉಜ್ಜುವುದು ಮಾತ್ರ ನಿಲ್ಲಲಿಲ್ಲ. ನಮ್ಮದು ಮಲೆನಾಡಿನ ಸಾಗರದ ಕಡೆ, ಮಳೆಗಾಲದಲ್ಲಿ ಉಪ್ಪೇ ನೀರಾಗುತ್ತದೆ. ತೇವ ಕುಡಿದ ಹಾಳೆ ಅಂಚಿನಲ್ಲಿ ಏಳುತ್ತದೆ. ಹಾಳೆಯ ಕೊನೆಗೆ ಬಂದಾಗ ಒಂದೇ ಕಡೆಯ ರೋಲರ್ ಹಿಡಿದಿರುತ್ತದೆ, ಎದ್ದ ತುದಿಯನ್ನು ಹೆಡ್ ಸವರಿಕೊಂಡು ಹೋಗುತ್ತದೆ. ಈಗ ಮೇಲೆ ಕೆಳಗೆ ಮೂರು ಸೆಂಟಿಮೀಟರ್ ಖಾಲಿ ಬಿಡುತ್ತೇನೆ. ಫ್ರೇಮ್ ಕಟ್ಟುವವರಿಗೂ ಅದು ಅನುಕೂಲವೇ. ಹಾಳೆಗಳನ್ನು ಜಿಪ್ ಕವರ್‌ನಲ್ಲಿ ಹಾಕಿ ಅಕ್ಕಿ ಡಬ್ಬದ ಪಕ್ಕ, ಒಲೆಯ ಗೋಡೆಗೆ ತಾಗಿಸಿ ಇಡುತ್ತೇನೆ. ಹಾಕುವ ಮುಂಚೆ ಸೊಟ್ಟಗಿದ್ದರೆ ರಟ್ಟಿನ ಕೊಳವೆಗೆ ಉಲ್ಟಾ ಸುತ್ತಿ ಅರ್ಧ ನಿಮಿಷ ಹಿಡಿದರೆ ಸಾಕು.

ಹತ್ತಿಯ ನಾರು ಇನ್ನೊಂದು ತಲೆನೋವು. ಅದರ ಮೇಲೆ ಇಂಕ್ ಬಿದ್ದು, ಆಮೇಲೆ ನಾರು ಉದುರಿದರೆ ಕಪ್ಪು ಆಕಾಶದಲ್ಲಿ ಬಿಳಿ ಚುಕ್ಕೆ ಉಳಿಯುತ್ತದೆ. ಪ್ರತಿ ಹಾಳೆಯನ್ನೂ ಮೆತ್ತನೆಯ ಬ್ರಷ್‌ನಿಂದ, ಪ್ರಿಂಟರ್‌ನಿಂದ ದೂರ ನಿಂತು ಗುಡಿಸಿ.

ಬಣ್ಣಕ್ಕೆ ನಾಲ್ಕು ತಿಂಗಳು ಹಿಡಿಯಿತು. ನಮ್ಮ ಡೈ ಇಂಕ್ (ಬಣ್ಣ ಕರಗಿಸಿದ ಇಂಕ್) ಪ್ರಿಂಟರ್‌ಗೆ ಹೊಂದುವ ಪ್ರೊಫೈಲ್, ಅಂದರೆ ಆ ಕಾಗದದ ಮೇಲೆ ಬಣ್ಣ ಸರಿಯಾಗಿ ಬರಿಸುವ ಫೈಲ್, ನನಗೆ ಸಿಗಲಿಲ್ಲ. ಅಡಿಕೆ ತೋಟದ ನೆರಳೆಲ್ಲ ಬೂದಿ ಬಣ್ಣಕ್ಕೆ ತಿರುಗಿತು. ಪ್ರಿಂಟ್ ಸೆಟ್ಟಿಂಗ್‌ನ ಮೀಡಿಯಾದಲ್ಲಿ (ಕಾಗದದ ಬಗೆ) ಮ್ಯಾಟ್ (ಹೊಳಪಿಲ್ಲದ್ದು) ಆರಿಸಿ, ಒಂದೇ ಚಿತ್ರದ ಬೆರಳಗಲದ ಪಟ್ಟಿಗಳನ್ನು ತೆಗೆದು, ಒಂದು ದಿನ ಒಣಗಲು ಬಿಟ್ಟು ಹಗಲು ಬೆಳಕಿನಲ್ಲಿ ನೋಡಿ ಕರ್ವ್ (ಚಿತ್ರದ ಕಪ್ಪು, ನಡು, ಬಿಳುಪು ಎಷ್ಟಿರಬೇಕೆಂದು ಹೇಳುವ ಗೆರೆ) ತಿದ್ದುತ್ತಾ ಹೋದೆ. ಆ ಕರ್ವ್ ಮಾತ್ರ ಇಲ್ಲಿ ಕೊಡುವುದಿಲ್ಲ, ನನ್ನ ಗಿರಾಕಿಗಳು ಬರುವುದೇ ಅದಕ್ಕೆ. ಒಂದು ಮಾತು ಹೇಳಬಲ್ಲೆ: ಕಪ್ಪನ್ನು ಇನ್ನೂ ಕಪ್ಪು ಮಾಡಲು ಹೋಗಬೇಡಿ, ಅದರ ಮೇಲಿನ ನಡು ಬಣ್ಣಗಳನ್ನು ಎತ್ತಿ, ಅಂದರೆ ತಿಳಿ ಮಾಡಿ.

ನಡುವೆ ಸ್ಟೇಷನರಿ ಅಂಗಡಿಯ ಜಲವರ್ಣ ಕಾಗದಕ್ಕೆ ಅನ್ನದ ಗಂಜಿ ತಿಳಿ ಬಳಿದು ಒಣಗಿಸಿಯೂ ನೋಡಿದೆ. ಸುಮ್ನೆ ಹಾಕಿದ್ದಕ್ಕಿಂತ ಇಂಕ್ ಕಡಿಮೆ ಹರಡಿತು, ಆದರೆ ಬ್ರಷ್ ಎಳೆದ ಗೆರೆಗಳೆಲ್ಲ ಚಿತ್ರದಲ್ಲಿ ಮೂಡಿದವು. ಅಜ್ಜಿಯ ಹಳೆಯ ಫೋಟೋಗೆ ಅದೇ ಚೆಂದ ಕಂಡಿತು, ಇಟ್ಟುಕೊಂಡಿದ್ದೇನೆ.

ಡೈ ಇಂಕ್ ಮಾಸುತ್ತದೆ ಅಂತೀರಿ, ಅಲ್ವಾ? ನಿಜ. ಅರ್ಧ ಮುಚ್ಚಿದ ಪಟ್ಟಿಯೊಂದನ್ನು ಕಿಟಕಿಗೆ ಅಂಟಿಸಿದ್ದೆ. ಆರು ತಿಂಗಳಿಗೆ ಕೆಂಪು ಸ್ವಲ್ಪ ಇಳಿಯಿತು. ಗಾಜು ಹಾಕಿ ಒಳಗೋಡೆಗೆ ನೇತುಹಾಕಿದ ಪ್ರಿಂಟ್‌ನಲ್ಲಿ ನನ್ನ ಕಣ್ಣಿಗೆ ವ್ಯತ್ಯಾಸ ಕಾಣಿಸಿಲ್ಲ. ಕೊಳ್ಳುವವರಿಗೂ ಬಿಸಿಲು ತಾಗಿಸಬೇಡಿ ಎಂದು ಬಾಯಿಬಿಟ್ಟು ಹೇಳಿಯೇ ಕೊಡುತ್ತೇನೆ. ಹಾಳೆ, ಇಂಕ್ ಸೇರಿ ನನಗೆ 200 ರೂಪಾಯಿ ಆಸುಪಾಸು ಬೀಳುತ್ತದೆ, ಮಾರುವುದು 900ಕ್ಕೆ. 308ರ ಹದಿನಾಲ್ಕು ಹಾಳೆ ಇನ್ನೂ ಬೀರುವಿನಲ್ಲಿವೆ. ಮಳೆ ನಿಂತ ಮೇಲೆ ಅವಕ್ಕೂ ಕೈ ಹಾಕುತ್ತೇನೆ.