ಔಟಾದ ಮಗು ಏನು ಮಾಡಬೇಕು?

ನಾನು ಮಂಡ್ಯದಲ್ಲಿ ಮನೆಯಲ್ಲೇ ಬಟ್ಟೆ ಹೊಲಿಯುತ್ತೇನೆ. ನಮ್ಮದು ಗುತ್ತಲು ಕಡೆಯ ಒಂದು ಅಡ್ಡರಸ್ತೆ. ಮನೆ ಮುಂದೆ ಹೊಂಗೆ ಮರ ಇದೆ. ಅದರ ಪಕ್ಕದಲ್ಲಿ ಇನ್ನೂ ಯಾರೂ ಮನೆ ಕಟ್ಟದ ಒಂದು ಖಾಲಿ ಸೈಟು. ಎರಡು ವರ್ಷದ ಹಿಂದೆ ಬೇಸಿಗೆ ರಜೆ ಶುರುವಾದಾಗ ನನ್ನ ಮಗಳಿಗೆ 8 ವರ್ಷ. ಬೆಳಿಗ್ಗೆ ತಿಂಡಿ ಆದ ಕೂಡಲೇ ಬೀದಿಯ ನಾಲ್ಕೈದು ಮಕ್ಕಳು ನಮ್ಮ ಜಗಲಿಗೆ ಬಂದು ಕೂರುತ್ತಿದ್ದರು. ಒಂದು ಮೊಬೈಲು, ಅದರ ಸುತ್ತ ಐದು ತಲೆ. ಒಬ್ಬರು ಆಡುವುದು, ಮಿಕ್ಕವರು ನೋಡುವುದು. ಮಧ್ಯಾಹ್ನದ ಊಟದವರೆಗೂ ಇದೇ.

ಹಾಗೆ ಸುಮ್ನೆ ನೋಡುತ್ತಾ ಕೂತ ಮಕ್ಕಳನ್ನು ಕಂಡು ನನಗೆ ಸಂಕಟ ಆಗುತ್ತಿತ್ತು. ಜೊತೆಗೆ ಇನ್ನೊಂದು ಭಯ. ನಮ್ಮ ಕಡೆ ರಜೆ ಬಂತೆಂದರೆ ಸ್ವಲ್ಪ ದೊಡ್ಡ ಹುಡುಗರು ಈಜಲು ನಾಲೆ ಕಡೆ ಹೊರಡುತ್ತಾರೆ. ವಿ.ಸಿ. ನಾಲೆಯ, ಅಂದರೆ ವಿಶ್ವೇಶ್ವರಯ್ಯ ನಾಲೆಯ ನೀರು ಮೇಲೆ ಶಾಂತವಾಗಿ ಕಾಣುತ್ತೆ, ಒಳಗೆ ಸೆಳೆತ ಇರುತ್ತೆ. ಬಿದ್ದರೆ ಹಿಡಿದು ಹತ್ತಲು ಏನೂ ಸಿಗುವುದಿಲ್ಲ. ಮನೆ ಹತ್ತಿರವೇ ಒಳ್ಳೇ ಆಟ ಇದ್ದರೆ ಮಕ್ಕಳು ಇಲ್ಲೇ ಉಳಿಯುತ್ತಾರೆ ಅನ್ನಿಸಿತು. ಮೆಷಿನ್ ನಿಲ್ಲಿಸಿ ಎದ್ದು ಹೊರಗೆ ಬಂದೆ.

ಮೊದಲ ದಿನ ಕೆರೆ-ದಡ ಆಡಿಸಿದೆ. ಅದಕ್ಕೆ ಏನೂ ಬೇಡ, ಕಡ್ಡಿಯಲ್ಲಿ ಒಂದು ಗೆರೆ ಎಳೆದರೆ ಆಯಿತು. ಈ ಕಡೆ ಕೆರೆ, ಆ ಕಡೆ ದಡ. ಕೂಗಿದ ಕಡೆಗೆ ಜಿಗಿಯಬೇಕು. ದಡದಲ್ಲಿ ನಿಂತಿರುವಾಗ ಮತ್ತೆ ‘ದಡ’ ಅಂದರೆ ಅಲ್ಲಾಡಬಾರದು. ಅವತ್ತು 9 ಮಕ್ಕಳು ಸೇರಿದ್ದರು. ಬೀದಿ ತುಂಬಾ ಕಿರುಚಾಟ. ಮೂಲೆ ಮನೆಯ ಹುಡುಗ ಒಬ್ಬ ಇದ್ದ. ಸ್ವಲ್ಪ ದಪ್ಪ, ಸ್ವಲ್ಪ ನಿಧಾನ. ಮೊದಲ ಕೂಗಿಗೇ ಔಟಾಗಿ ಹೋಗಿ ಮೆಟ್ಟಿಲ ಮೇಲೆ ಕೂತ. ಎರಡನೇ ಸಲವೂ ಅವನೇ ಮೊದಲು ಔಟ್. ಮೂರನೇ ಸಲ ಕರೆದರೆ, "ಬ್ಯಾಡ ಆಂಟಿ, ನಾನು ನೋಡ್ತೀನಿ ಬುಡಿ" ಅಂದ.

ರಾತ್ರಿ ಬ್ಲೌಸಿಗೆ ಹುಕ್ಸ್ ಹಾಕುತ್ತಾ ಅದೇ ಮಾತು ತಲೆಯಲ್ಲಿ ಸುತ್ತುತ್ತಿತ್ತು. ಚೆನ್ನಾಗಿ ಜಿಗಿಯಲು ಬರುವ ಮಗು ಕೊನೆವರೆಗೂ ಆಡುತ್ತೆ. ಜಿಗಿಯಲು ಬಾರದ ಮಗು ಮೊದಲೇ ಹೋಗಿ ಕೂರುತ್ತೆ. ಯಾರಿಗೆ ಆಟ ಜಾಸ್ತಿ ಬೇಕೋ ಅವರಿಗೇ ಆಟ ಕಡಿಮೆ. ಮೊಬೈಲಿನ ಮುಂದೆ ನೋಡುತ್ತಾ ಕೂತಿದ್ದ ಮಗುವನ್ನು ಎಬ್ಬಿಸಿ ಮೆಟ್ಟಿಲ ಮೇಲೆ ನೋಡುತ್ತಾ ಕೂರಿಸಿದ್ದೆ, ಅಷ್ಟೇ ಅಲ್ವಾ? ಅವತ್ತಿನಿಂದ ಯಾವ ಆಟ ತೆಗೆದುಕೊಂಡರೂ ಮೊದಲು ಒಂದೇ ಪ್ರಶ್ನೆ ಕೇಳಿಕೊಳ್ಳುತ್ತೇನೆ. ಔಟಾದ ಮಗು ಏನು ಮಾಡುತ್ತೆ?

ಮಾರನೇ ದಿನ ಕೆರೆ-ದಡವನ್ನೇ ಬದಲಾಯಿಸಿದೆ. ಔಟಾದವರು ನನ್ನ ಜಾಗಕ್ಕೆ ಬಂದು ಕೂಗಬೇಕು. ಆಗ ಕೂಗುತ್ತಿದ್ದವರು ಆಟಕ್ಕೆ ಹೋಗಬೇಕು. ಮೂಲೆ ಮನೆ ಹುಡುಗ ಎಂದಿನಂತೆ ಮೊದಲೇ ಔಟಾದ, ಕೂಗಲು ಬಂದ. ಅವನಷ್ಟು ಚೆನ್ನಾಗಿ ಕೂಗುವವರನ್ನು ನಾನು ನೋಡಿಲ್ಲ. "ಕೆ... ಕೆ... ಕೆ..." ಅಂತ ಎಳೆದು ಎಳೆದು, ಎಲ್ಲರೂ ಕಾಲು ಎತ್ತುವ ಹೊತ್ತಿಗೆ ಸರಿಯಾಗಿ "ದಡ!" ಅನ್ನುತ್ತಿದ್ದ. ಒಂದೇ ಕೂಗಿಗೆ ಮೂವರು ಕೆರೆಗೆ ಬಿದ್ದರು.

ಆಮೇಲೆ ಒಂದೊಂದೇ ಆಟವನ್ನು ಹೀಗೆ ತಿದ್ದಿದೆವು. ಕುರ್ಚಿ ಆಟದಲ್ಲಿ ಹಾಡು ನಿಂತಾಗ ಜಾಗ ಸಿಗದ ಮಗು ಹೊರಗೆ ಹೋಗುತ್ತೆ ಅಲ್ವಾ? ನಾವು ಮಕ್ಕಳನ್ನು ಕಳಿಸದೆ ಜಾಗವನ್ನೇ ಕಡಿಮೆ ಮಾಡಿದೆವು. ನನ್ನ ಹತ್ತಿರ ಹಳೇ ಸೀರೆ ತುಂಡುಗಳು ಬೇಕಾದಷ್ಟು ಇದ್ದವು. ಒಂದೂವರೆ ಅಡಿಗೆ ಒಂದೂವರೆ ಅಡಿ ಚೌಕ ಕತ್ತರಿಸಿ, ಅಂಚು ಹೊಲಿದು, 8 ತುಂಡು ನೆಲಕ್ಕೆ ಹಾಸಿದೆ. ಹಾಡು ನಿಂತರೆ 9 ಜನವೂ ಆ ತುಂಡುಗಳ ಮೇಲೆ ನಿಲ್ಲಬೇಕು. ಯಾರ ಕಾಲೂ ನೆಲಕ್ಕೆ ತಾಗಬಾರದು. ಪ್ರತಿ ಸುತ್ತಿಗೆ ಒಂದು ತುಂಡು ತೆಗೆಯುತ್ತೇನೆ. ನಾಲ್ಕು ತುಂಡಿಗೆ ಬರುವ ಹೊತ್ತಿಗೆ ಒಬ್ಬರನ್ನೊಬ್ಬರು ತಬ್ಬಿಕೊಂಡು ನಿಲ್ಲುತ್ತಾರೆ. ಚಿಕ್ಕವರನ್ನು ದೊಡ್ಡವರು ಎತ್ತಿಕೊಳ್ಳುತ್ತಾರೆ. ಮೂರರ ಕೆಳಗೆ ಇಳಿಸಲು ಹೋಗಬೇಡಿ. ಅಂಗಿ ಹಿಡಿದು ಎಳೆದು ಬೀಳುತ್ತಾರೆ, ಗುಂಡಿ ಕಿತ್ತು ಬರುತ್ತೆ. ಒಂದೇ ದಿನ ಐದು ಅಂಗಿಗೆ ಗುಂಡಿ ಹಾಕಿಕೊಟ್ಟಿದ್ದೇನೆ. ಸೀರೆ ತುಂಡು ಕಾಟನ್ನಿನದ್ದೇ ಆಗಿರಲಿ. ಸಿಮೆಂಟ್ ನೆಲದ ಮೇಲೆ ನೈಲೆಕ್ಸ್ ಜಾರುತ್ತೆ.

ಜೂಟಾಟದಲ್ಲಿ ಸಿಕ್ಕಿಬಿದ್ದವರು ಹಿಡಿಯುವವರ ಕೈ ಹಿಡಿದುಕೊಂಡು ಜೊತೆಗೆ ಓಡುತ್ತಾರೆ. ಸರಪಳಿ ನಾಲ್ಕು ಜನ ಆದ ಕೂಡಲೇ ಎರಡೆರಡು ಜನರಾಗಿ ಒಡೆಯಬೇಕು. ಉದ್ದ ಬಿಟ್ಟರೆ ತುದಿಯಲ್ಲಿರುವ ಮಗುವನ್ನು ಬೀಸಿ ಒಗೆದಂತೆ ಆಗುತ್ತೆ. ಕುಂಟೆಬಿಲ್ಲೆಯಲ್ಲಿ ಔಟಾಗುವುದಕ್ಕಿಂತ ಕಾಯುವುದೇ ಕಷ್ಟ. ಒಂದು ಅಂಕಣಕ್ಕೆ ಮೂರೇ ಮಕ್ಕಳು ಅಂತ ಮಾಡಿ, ಚಾಕ್‌ಪೀಸಿನಲ್ಲಿ ಮೂರು ಕಡೆ ಅಂಕಣ ಬರೆದೆವು.

ಇಲ್ಲಿ ಚಿಕ್ಕ ಮಕ್ಕಳ ವಿಷಯ ಹೇಳಲೇಬೇಕು. ನಮ್ಮಲ್ಲಿ ತಮ್ಮ ತಂಗಿಯರನ್ನು ಕರೆದುಕೊಂಡೇ ಆಟಕ್ಕೆ ಬರುವುದು. ಅವರಿಗೆ ‘ಆಟಕ್ಕುಂಟು ಲೆಕ್ಕಕ್ಕಿಲ್ಲ’ ಅನ್ನುತ್ತೇವೆ. ನಾನು ಚಿಕ್ಕವಳಾಗಿದ್ದಾಗಲೂ ಹೀಗೇ ಇತ್ತು. ಅದೊಂದು ಪ್ರೀತಿಯ ಏರ್ಪಾಡು ಅಂತಲೇ ನನಗೆ ಅನ್ನಿಸುತ್ತಿತ್ತು. ಮಗು ಎಲ್ಲರ ಜೊತೆ ಓಡಬಹುದು, ಯಾರೂ ಹಿಡಿಯುವುದಿಲ್ಲ. ಎದುರು ಮನೆಯ 4 ವರ್ಷದ ಹುಡುಗಿ ನಾಲ್ಕು ದಿನ ಹಾಗೇ ಓಡಿದಳು. ಐದನೇ ದಿನ ನಡುಬೀದಿಯಲ್ಲಿ ನಿಂತು ಅಳಲು ಶುರು ಮಾಡಿದಳು. ಬಿದ್ದಳೇನೋ ಅಂತ ಓಡಿ ಹೋಗಿ ಎತ್ತಿಕೊಂಡೆ. "ನನ್ನ ಯಾರೂ ಹಿಡೀತಾನೇ ಇಲ್ಲ" ಅಂದಳು.

ಅವಳಿಗೆ ಲೆಕ್ಕಕ್ಕೆ ಬರಬೇಕಿತ್ತು! ದೊಡ್ಡ ಮಕ್ಕಳನ್ನೇ ಕೇಳಿದೆ, ಏನು ಮಾಡೋಣ ಅಂತ. 5 ವರ್ಷದ ಒಳಗಿನವರಿಗೆ ಮೂರು ಜೀವ, ಮಿಕ್ಕವರಿಗೆ ಒಂದೇ ಜೀವ ಅಂತ ಅವರೇ ತೀರ್ಮಾನ ಮಾಡಿದರು. ಅವಳನ್ನು ಮೊದಲ ಸಲ ಹಿಡಿದಾಗ ಬೆರಳು ಮಡಚಿ "ಇನ್ನೂ ಎರಡೈತೆ" ಅಂತ ಕುಣಿದಳು. ಆ ಮುಖ ಈಗಲೂ ಕಣ್ಣ ಮುಂದಿದೆ.

ಲಗೋರಿಯಲ್ಲಿ ನಾನು ಎಡವಿದೆ. ನನಗೆ ತುಂಬಾ ಇಷ್ಟವಾದ ಆಟ ಅದು. ಹೆಂಚಿನ ಚೂರಿನ 7 ಬಿಲ್ಲೆ ಒಂದರ ಮೇಲೊಂದು ಜೋಡಿಸಿ, ಒಂದು ತಂಡ ಚೆಂಡಿನಿಂದ ಬೀಳಿಸುತ್ತೆ. ಬಿದ್ದ ಬಿಲ್ಲೆಗಳನ್ನು ಅವರೇ ಮತ್ತೆ ಜೋಡಿಸಬೇಕು. ಅಷ್ಟರಲ್ಲಿ ಇನ್ನೊಂದು ತಂಡ ಚೆಂಡಿನಲ್ಲಿ ಹೊಡೆದು ಔಟ್ ಮಾಡುತ್ತೆ. ಯಾರೋ ತಂದ ಗಟ್ಟಿ ರಬ್ಬರ್ ಚೆಂಡಿನಲ್ಲೇ ಆಡಲು ಬಿಟ್ಟೆ. ಮೂರನೇ ದಿನ ಒಬ್ಬ ಹುಡುಗನ ಕಿವಿಗೆ ಬಲವಾಗಿ ಬಿತ್ತು. ಕಿವಿ ಕೆಂಪಗೆ ಊದಿಕೊಂಡಿತು. ಅವನ ತಾಯಿ ಬಂದು ಬೈದರು, ಬೈಯ್ಯಬೇಕಾದ್ದೇ. ಸ್ವಲ್ಪ ಪಕ್ಕಕ್ಕೆ ಬಿದ್ದಿದ್ದರೆ ಕಣ್ಣು. ಅವತ್ತು ರಾತ್ರಿ ನನಗೆ ಊಟ ಸೇರಲಿಲ್ಲ.

ನಾಲ್ಕು ದಿನ ಲಗೋರಿ ಬಂದ್. ಆಮೇಲೆ ನಾನೇ ಚೆಂಡು ಮಾಡಿದೆ. ಹಳೇ ಕಾಲುಚೀಲದೊಳಗೆ ಬ್ಲೌಸ್ ಪೀಸಿನ ಚೂರುಗಳನ್ನು ಒತ್ತಿ ಒತ್ತಿ ತುಂಬಿ, ಬಾಯಿ ಹೊಲಿದು, ಮೇಲೆ ಬಟ್ಟೆಯ ಪಟ್ಟಿ ಸುತ್ತಿ ಮತ್ತೆ ಹೊಲಿಗೆ ಹಾಕಿದೆ. ಕಿತ್ತಳೆ ಹಣ್ಣಿನಷ್ಟು ದಪ್ಪ. ಅದನ್ನು ನನ್ನ ಕೆನ್ನೆಗೇ ಜೋರಾಗಿ ಎಸೆಯಲು ಮಗಳಿಗೆ ಹೇಳಿದೆ. ನೋವಾಗಲಿಲ್ಲ. ಆದರೆ ಹೆಂಚಿನ ಚೂರುಗಳು ಆ ಚೆಂಡಿಗೆ ಅಲ್ಲಾಡಲೇ ಇಲ್ಲ! ಬೀದಿ ತುದಿಯ ಬಡಗಿ ಅಂಗಡಿಯಲ್ಲಿ ಕೇಳಿ, ಬಿಸಾಡುವ ಮರದ ತುಂಡುಗಳಲ್ಲಿ ಚಪ್ಪಟೆಯವನ್ನು ಆರಿಸಿ ತಂದೆವು. ಚೂಪಿದ್ದ ಅಂಚನ್ನು ಉಪ್ಪು ಕಾಗದದಲ್ಲಿ ಉಜ್ಜಿದೆವು. ಎಸೆಯುವ ಗೆರೆಯನ್ನು 8 ಹೆಜ್ಜೆಗೆ ತಂದೆವು. ಸೊಂಟದ ಮೇಲೆ ಹೊಡೆದರೆ ಲೆಕ್ಕ ಇಲ್ಲ ಅನ್ನುವ ನಿಯಮ ಸೇರಿಸಿದೆವು. ಔಟಾದವರು ಕೂರುವಂತಿಲ್ಲ, ಎದುರು ತಂಡಕ್ಕೆ ಸೇರಿಕೊಳ್ಳಬೇಕು. ಒಂದು ಆಟ ಮುಗಿಯುವ ಹೊತ್ತಿಗೆ ಯಾರು ಯಾವ ತಂಡ ಅಂತ ಅವರಿಗೇ ಗೊತ್ತಾಗುವುದಿಲ್ಲ. ಕಿವಿಗೆ ಏಟು ತಿಂದ ಹುಡುಗನನ್ನು ಅವನ ತಾಯಿಯೇ ಮತ್ತೆ ಕರೆದುಕೊಂಡು ಬಂದರು. ಚೆಂಡನ್ನು ಕೈಯಲ್ಲಿ ಹಿಸುಕಿ ನೋಡಿ, "ಇದಾದ್ರೆ ಸರಿ ಕಣಕ್ಕ" ಅಂದರು.

11 ಗಂಟೆಯ ಮೇಲೆ ಬಿಸಿಲಿಗೆ ನಿಲ್ಲಲು ಆಗುವುದಿಲ್ಲ. ಸಂಜೆ 4ರವರೆಗೆ ಜಗಲಿಯ ಮೇಲೆ ಕೂತು ಆಡುವ ಆಟಗಳು. ಇದಕ್ಕೆ ನನ್ನ ಅಮ್ಮ ಸಿಕ್ಕಿದರು. ಊರಿಂದ ಬರುವಾಗ ಚೀಲದ ತುಂಬ ಹುಣಸೆ ಬೀಜ ತಂದಿದ್ದರು. ಚೌಕಾಬಾರಕ್ಕೆ ಕವಡೆ ಎಲ್ಲಿ ಹುಡುಕಲಿ ಅಂದರೆ, "ಕವಡೆ ಯಾಕವ್ವ?" ಅಂತ ನಾಲ್ಕು ಬೀಜವನ್ನು ಒಂದು ಮೈ ಬೆಳ್ಳಗಾಗುವವರೆಗೆ ಕಲ್ಲಿಗೆ ಉಜ್ಜಿ ಕೊಟ್ಟರು. ಎಸೆದಾಗ ಎಷ್ಟು ಬಿಳಿ ಮೇಲೆ ಬಂತೋ ಅಷ್ಟು ಮನೆ ನಡೆಸಬೇಕು. ನಾಲ್ಕೂ ಬಿಳಿ ಬಿದ್ದರೆ ಚೌಕ, 4. ನಾಲ್ಕೂ ಕಪ್ಪು ಬಿದ್ದರೆ ಬಾರ, 8. ಚೌಕ ಬಾರ ಬಿದ್ದವರಿಗೆ ಇನ್ನೊಂದು ಸಲ ಆಡುವ ಅವಕಾಶ.

ಮನೆ ಬರೆಯುವುದು ಸುಲಭ. ಅಡ್ಡ 5, ಉದ್ದ 5, ಒಟ್ಟು 25. ಹೊರಗಿನ ಸುತ್ತು 16 ಮನೆ, ಒಳಗಿನ ಸುತ್ತು 8, ನಡುವೆ ಒಂದು. ನಾಲ್ಕೂ ಬದಿಯ ನಡುಮನೆಗೆ ಅಡ್ಡಗೆರೆ ಹಾಕಿದರೆ ಅದು ಕಟ್ಟೆ. ಕಟ್ಟೆಯಲ್ಲಿರುವ ಕಾಯಿಯನ್ನು ಹೊಡೆಯುವಂತಿಲ್ಲ. ಒಬ್ಬೊಬ್ಬರಿಗೆ ನಾಲ್ಕು ಕಾಯಿ. ಬಳೆ ಚೂರು, ಗುಂಡಿ, ಅವರೆ ಬೀಜ, ಏನಾದರೂ ಆದೀತು. ಬೇರೆಯವರ ಕಾಯಿ ಒಂದನ್ನಾದರೂ ಹೊಡೆಯದೆ ಒಳಸುತ್ತಿಗೆ ಹೋಗುವಂತಿಲ್ಲ. ಎಲ್ಲಕ್ಕೂ ನಡುವಿನ ಆ ಒಂದು ಮನೆ ಸೇರಿದ ಕಾಯಿ ‘ಹಣ್ಣು’. ಈ ಆಟದಲ್ಲಿ ಏಟು ತಿಂದ ಕಾಯಿ ಆಟದಿಂದ ಆಚೆ ಹೋಗುವುದಿಲ್ಲ, ಮತ್ತೆ ಮೊದಲ ಮನೆಯಿಂದ ಹೊರಡುತ್ತೆ. ನನ್ನ ಪ್ರಶ್ನೆಗೆ ನಮ್ಮ ಹಿರಿಯರು ಯಾವತ್ತೋ ಉತ್ತರ ಬರೆದಿಟ್ಟಿದ್ದಾರೆ ಅನ್ನಿಸಿ ಖುಷಿಯಾಯಿತು.

ಅಳಗುಳಿ ಮಣೆ ಊರಲ್ಲೇ ಉಳಿದಿತ್ತು. ಅದರ ಬದಲು ಟೀ ಕುಡಿಯುವ ಕಾಗದದ ಲೋಟ 14 ತಂದು, 7ರಂತೆ ಎರಡು ಸಾಲು ಜೋಡಿಸಿದೆವು. ಒಂದೊಂದರಲ್ಲಿ 5 ಬೀಜ, ಒಟ್ಟು 70. ಒಂದು ಲೋಟದ ಬೀಜ ತೆಗೆದುಕೊಂಡು ಮುಂದಿನ ಲೋಟಗಳಿಗೆ ಒಂದೊಂದೇ ಹಾಕುತ್ತಾ ಹೋಗಬೇಕು. ಕೈ ಖಾಲಿಯಾದರೆ ಅದರ ಮುಂದಿನ ಲೋಟದ ಬೀಜ ತೆಗೆದು ಮತ್ತೆ ಹಂಚಬೇಕು. ಮುಂದಿನದು ಖಾಲಿ ಇದ್ದರೆ ಅದರಾಚೆಯದು ನಿಮ್ಮ ಗೆಲುವು. ಗಾಳಿಗೆ ಲೋಟ ಹಾರುತ್ತವೆ. ಅದಕ್ಕೇ ಹಳೇ ರಟ್ಟಿಗೆ ಅಂಟಿಸಿದೆವು. ಮಗಳು ಗುಣಾಕಾರದ ಮಗ್ಗಿಗೆ ಅಳುತ್ತಿದ್ದವಳು, ಇಲ್ಲಿ ಯಾವ ಲೋಟ ಎತ್ತಿದರೆ ಕೈ ಎಲ್ಲಿ ಖಾಲಿಯಾಗುತ್ತೆ ಅಂತ ಕಣ್ಣಲ್ಲೇ ಲೆಕ್ಕ ಹಾಕುತ್ತಿದ್ದಳು. ಆದರೆ ಇಬ್ಬರೇ ಆಡುವ ಆಟ ಇದು. ಮಕ್ಕಳು ಜಾಸ್ತಿ ಇದ್ದಾಗ ಚೌಕಾಬಾರವೇ ಮೇಲು, ನಾಲ್ಕು ಜನ ಆಡಬಹುದು, ಜೋಡಿ ಮಾಡಿದರೆ ಎಂಟು.

ಇದೆಲ್ಲ ನಮ್ಮ ಮೈಸೂರು ಸೀಮೆಯ ಆಸ್ತಿ ಅಂತ ಮಕ್ಕಳಿಗೆ ಹೇಳುತ್ತೇನೆ. 1794ರಿಂದ 1868ರವರೆಗೆ ಬಾಳಿದ ಮುಮ್ಮಡಿ ಕೃಷ್ಣರಾಜ ಒಡೆಯರು ತಾವೇ ಹೊಸ ಹೊಸ ಮಣೆಯಾಟ, ಕಾರ್ಡಿನ ಆಟ ಕಟ್ಟಿದವರು. ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನದವರು ‘ಕ್ರೀಡಾ ಕೌಶಲ್ಯ’ ಅನ್ನುವ ಹೆಸರಲ್ಲಿ ಹಳೇ ಮಣೆಯಾಟಗಳ ಪ್ರದರ್ಶನ ನಡೆಸುತ್ತಾ ಬಂದಿದ್ದಾರೆ. ರಾಜರೂ ಆಡುತ್ತಿದ್ದರು ಅಂದಾಗ ಒಬ್ಬ ಹುಡುಗ, "ರಾಜರನ್ನ ಯಾರಾದ್ರೂ ಸೋಲಿಸ್ತಿದ್ರಾ ಆಂಟಿ?" ಅಂತ ಕೇಳಿದ. ಅವತ್ತಿಡೀ ಅದೇ ಚರ್ಚೆ.

ಜಗಳದ ಬಗ್ಗೆ ಒಂದು ಮಾತು. ಮೊದಮೊದಲು ಪ್ರತಿ ಜಗಳಕ್ಕೂ ನನ್ನ ಹತ್ತಿರ ಬರುತ್ತಿದ್ದರು. ನಾನು ಮೆಷಿನ್ ನಿಲ್ಲಿಸಿ ಹೋಗಿ ನ್ಯಾಯ ಹೇಳುತ್ತಿದ್ದೆ. ಎರಡೇ ವಾರದಲ್ಲಿ ಗೊತ್ತಾಯಿತು, ನಾನು ಜಾಸ್ತಿ ಹೋದಷ್ಟೂ ಜಗಳ ಜಾಸ್ತಿ. ಆಮೇಲೆ ಮೂರೇ ವಿಷಯಕ್ಕೆ ಬರುತ್ತೇನೆ ಅಂದೆ. ರಕ್ತ ಬಂದರೆ, ಯಾರಾದರೂ ರಸ್ತೆಗೆ ಓಡಿದರೆ, ಒಬ್ಬರನ್ನು ಆಟಕ್ಕೆ ಸೇರಿಸದಿದ್ದರೆ. ಮಿಕ್ಕಿದ್ದು ನಿಮ್ಮದು. ಔಟೋ ಅಲ್ಲವೋ ಅಂತ ಕಾಲು ಗಂಟೆ ಕೂಗಾಡುತ್ತಿದ್ದರು. ನನಗೆ ಎದ್ದು ಹೋಗಬೇಕು ಅನ್ನಿಸುತ್ತಿತ್ತು, ಕಾಲು ಪೆಡಲ್ ಮೇಲೇ ಇಟ್ಟುಕೊಂಡು ಕೂರುತ್ತಿದ್ದೆ. ಕೊನೆಗೆ ‘ತೀರ್ಮಾನ ಆಗದಿದ್ದರೆ ಅದೇ ಆಟ ಮತ್ತೆ’ ಅಂತ ಅವರೇ ಮಾಡಿಕೊಂಡರು. ನಾನು ಹೇಳಿದ್ದರೆ ಇಷ್ಟು ಚೆನ್ನಾಗಿ ಹೇಳುತ್ತಿರಲಿಲ್ಲ.

ಮೊಬೈಲ್ ಪೂರ್ತಿ ಹೋಗಿದೆ ಅಂತ ಹೇಳಲಾರೆ. ಮಳೆ ಬಂದ ದಿನ, ಮಕ್ಕಳು ಕಡಿಮೆ ಇರುವ ದಿನ ಮತ್ತೆ ಅದೇ. ಹಾಗಂತ ನಾನು ಕಿತ್ತುಕೊಳ್ಳುವುದಿಲ್ಲ. ಬಾಗಿಲ ಹಿಂದಿನ ಮೊಳೆಗೆ ಒಂದು ಬಟ್ಟೆ ಚೀಲ ನೇತುಹಾಕಿದ್ದೇನೆ. ಒಳಗೆ ಸೀರೆ ತುಂಡು, ಚೆಂಡು, ಮರದ ಬಿಲ್ಲೆ, ಚಾಕ್‌ಪೀಸು, ಉಜ್ಜಿದ ಹುಣಸೆ ಬೀಜ. ಮಕ್ಕಳ ಕೈಗೆ ಎಟುಕುವ ಎತ್ತರಕ್ಕೇ ಇದೆ. ಈಗ ಶಾಲೆ ಇದ್ದರೂ ಶನಿವಾರ ಮಧ್ಯಾಹ್ನ ನನ್ನನ್ನು ಕೇಳದೆ ಚೀಲ ತೆಗೆದುಕೊಂಡು ಹೋಗುತ್ತಾರೆ.

ಚೆಂಡಿನ ಹೊಲಿಗೆ ಬಿಟ್ಟಿದೆ. ಇದು ಮೂರನೆಯದು. ಎದುರು ಮನೆ ಹುಡುಗಿಗೆ ಈಗ 6 ವರ್ಷ, ಅವಳಿಗೂ ಒಂದೇ ಜೀವ. ಮುಂದಿನ ಚೆಂಡಿಗೆ ಕೆಂಪು ವೆಲ್ವೆಟ್ ಹಾಕಬೇಕಂತೆ. ಯಾರದೋ ಬ್ಲೌಸಿನಲ್ಲಿ ಮಿಕ್ಕ ತುಂಡನ್ನು ತೋರಿಸಿ ಹೋಗಿದ್ದಾಳೆ, ಅದನ್ನು ತೆಗೆದಿಟ್ಟಿದ್ದೇನೆ.